ತೀರ್ಪಿನ ದಿನ ಬರುತ್ತದೆ ಅಂದ್ರೆ ಖುಷಿ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಚಿಕ್ಕ ಕನ್ನಡ ಸಭೆಯಲ್ಲಿ ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ತಕ್ಷಣ ಮನೆಗೆ ಹೋಗುವುದಿಲ್ಲ. ಚಹಾ ಇರುತ್ತದೆ, ಮಾತು ಇರುತ್ತದೆ. ನಾನು ಅಲ್ಲಿ ಸತ್ಯವೇದ ಪಾಠ ನಡೆಸುವ ಹಿರಿಯರಲ್ಲಿ ಒಬ್ಬ. ಪಾಸ್ಟರ್ ಅಲ್ಲ, ದೇವಶಾಸ್ತ್ರದ ಪದವಿಯೂ ಇಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನ್ಯಾಯತೀರ್ಪಿನ ಬಗ್ಗೆ ಬಂದಷ್ಟು ಪ್ರಶ್ನೆ ಬೇರೆ ಯಾವ ವಿಷಯದ ಬಗ್ಗೆಯೂ ನನಗೆ ಬಂದಿಲ್ಲ. ಕೆಲವರು ಚಹಾ ಹೊತ್ತಿನಲ್ಲಿ ಕೇಳಿದರು. ಕೆಲವರು ಪುಣೆಯಿಂದ, ವಾಸ್ಕೋದಿಂದ ಪತ್ರ ಬರೆದು ಕೇಳಿದರು. ಒಬ್ಬರು ರಾತ್ರಿ ಒಂದು ಗಂಟೆಗೆ ವಾಟ್ಸಾಪ್‌ನಲ್ಲಿ ಕೇಳಿದರು. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ತೀರ್ಪಿನ ದಿನ ಅಂದ್ರೆ ಎದೆ ಝಲ್ ಅನ್ನುತ್ತೆ. ನೀವು ಅದನ್ನೇ ಸಂತೋಷದ ವಿಷಯ ಅಂತೀರಲ್ಲ ಅಂಕಲ್, ಅದು ಹೇಗೆ?"

ನನ್ನ ಅಮ್ಮನ ವಿಷಯ ಹೇಳುತ್ತೇನೆ. ನಾವು ಪರೇಲಿನ ಒಂದು ಚಾಳಿನಲ್ಲಿದ್ದೆವು. ಪಗಡಿ, ಅಂದರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ ಒಂದೇ ಕೋಣೆ. ಅಪ್ಪ ಬಟ್ಟೆ ಗಿರಣಿಯಲ್ಲಿದ್ದರು. 1982ರ ಗಿರಣಿ ಮುಷ್ಕರದಲ್ಲಿ ಆ ಕೆಲಸ ಹೋಯಿತು. ಅದೇ ಸಮಯ ನೋಡಿ ಮಾಲೀಕ ನಮ್ಮನ್ನು ಎಬ್ಬಿಸಲು ನೋಡಿದ. ನಲ್ಲಿ ನೀರು ನಿಲ್ಲಿಸಿದ. ಕೇಸು ಹನ್ನೊಂದು ವರ್ಷ ನಡೆಯಿತು, ತಾರೀಖಿನ ಮೇಲೆ ತಾರೀಖು. ಪ್ರತಿ ತಾರೀಖಿನ ಸಂಜೆ ಅಪ್ಪ ಮೆಟ್ಟಿಲು ಹತ್ತುವಾಗಲೇ ಅಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದದ್ದು ಒಂದೇ ಮಾತು: "ಜಡ್ಜ್ ಸಾಹೇಬರು ಬಂದಿದ್ರಾ?" ಜಡ್ಜ್ ಬರುತ್ತಾರೆ ಅಂತ ಅಮ್ಮನಿಗೆ ಯಾವತ್ತೂ ಹೆದರಿಕೆ ಆಗಲಿಲ್ಲ. ಬರದೇ ಹೋದರೆ ಅನ್ನುವುದೇ ಹೆದರಿಕೆ.

ಸತ್ಯವೇದದಲ್ಲಿ ತೀರ್ಪಿಗಾಗಿ ಹಾಡಿದವರೆಲ್ಲ ನನ್ನ ಅಮ್ಮನ ಜಾಗದಲ್ಲಿ ನಿಂತವರು. 96ನೇ ಕೀರ್ತನೆ ಮತ್ತು 98ನೇ ಕೀರ್ತನೆ ಓದಿ ನೋಡಿ. ಸಮುದ್ರ ಗರ್ಜಿಸುತ್ತದೆ, ಹೊಲ ಹಿಗ್ಗುತ್ತದೆ, ಕಾಡಿನ ಮರಗಳು ಹಾಡುತ್ತವೆ, ನದಿಗಳು ಚಪ್ಪಾಳೆ ತಟ್ಟುತ್ತವೆ. ಯಾಕೆ ಇಷ್ಟು ಹಬ್ಬ? ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಿದ್ದಾನೆ, ಅದಕ್ಕೆ. ಗಿದ್ಯೋನ, ದೆಬೋರ ಇವರ ಕಥೆ ಇರುವ ಪುಸ್ತಕಕ್ಕೆ ನಮ್ಮ ಕನ್ನಡದಲ್ಲಿ ಎಷ್ಟು ಒಳ್ಳೆಯ ಹೆಸರಿದೆ ನೋಡಿ, 'ನ್ಯಾಯಸ್ಥಾಪಕರು'. ಅವರು ಕುರ್ಚಿಯಲ್ಲಿ ಕೂತು ಶಿಕ್ಷೆ ಓದಿದವರಲ್ಲ. ಶತ್ರುಗಳ ಕೈಯಿಂದ ಜನರನ್ನು ಬಿಡಿಸಿದವರು. ಕಳೆದುಹೋದ ನ್ಯಾಯವನ್ನು ಮತ್ತೆ ಅದರ ಜಾಗದಲ್ಲಿ ಇಡುವುದು, ತೀರ್ಪು ಅಂದರೆ ಮೊದಲಿಗೆ ಇದು.

"ನಿಮ್ಮ ಅಮ್ಮನ ಕೇಸಿನಲ್ಲಿ ನೀವು ಸರಿ ಇದ್ರಿ. ನನ್ನ ಕೇಸಿನಲ್ಲಿ ತಪ್ಪು ನನ್ನದೇ. ಆಗ?"

ಈ ಪ್ರಶ್ನೆ ಕೇಳಿದವರು ಸುವಾರ್ತೆಯ ಬಾಗಿಲಲ್ಲೇ ನಿಂತಿದ್ದಾರೆ. ನಾವು ಅನ್ಯಾಯ ಅನುಭವಿಸಿದವರು ಹೌದು. ಮಾಡಿದವರೂ ಹೌದು. ನನ್ನ ಅಮ್ಮನೂ ಅದನ್ನು ಒಪ್ಪುತ್ತಿದ್ದಳು.

ಶಿಲುಬೆಯ ಮೇಲೆ ಯೇಸು ಪ್ರಾಣ ಬಿಡುವ ಮುಂಚೆ ಹೇಳಿದ ಮಾತು ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಒಂದೇ ಪದ: "ತೀರಿತು" (ಯೋಹಾನ 19:30). ಕನ್ನಡದಲ್ಲಿ 'ತೀರು' ಅನ್ನುವ ಮಾತು ಎಲ್ಲೆಲ್ಲಿ ಬರುತ್ತದೆ ನೋಡಿ. ಸಾಲ ತೀರಿತು ಅನ್ನುತ್ತೇವೆ. ಹಾಲು ತೀರಿತು ಅನ್ನುತ್ತೇವೆ. ಅಪ್ಪ ತೀರಿಕೊಂಡರು ಅನ್ನುತ್ತೇವೆ. ತೀರ್ಪು ಅನ್ನುವುದೂ ಅದೇ ಬೇರಿನಿಂದ ಬಂದ ಮಾತು. ಆ ಶುಕ್ರವಾರ ಮಧ್ಯಾಹ್ನ ಗೊಲ್ಗೊಥಾದಲ್ಲಿ ಇವೆಲ್ಲವೂ ಒಂದೇ ಜಾಗಕ್ಕೆ ಬಂದವು. ಆತ ತೀರಿಕೊಂಡ, ನನ್ನ ಸಾಲ ತೀರಿತು, ನನ್ನ ಮೇಲಿನ ತೀರ್ಪು ಅಲ್ಲೇ ಓದಲ್ಪಟ್ಟಿತು. ದೇವರು ನನ್ನ ತಪ್ಪನ್ನು ನೋಡಿಯೂ ನೋಡದ ಹಾಗೆ ಬಿಡಲಿಲ್ಲ. ಹಾಗೆ ಬಿಟ್ಟಿದ್ದರೆ ನಾನು ನೋಯಿಸಿದವರಿಗೆ ಯಾರು ನ್ಯಾಯ ಕೊಡಬೇಕು? ತಪ್ಪಿಗೆ ತೀರ್ಪಾಯಿತು. ಅದನ್ನು ತನ್ನ ಮೇಲೆ ಹೊತ್ತುಕೊಂಡವನು ಯೇಸು.

"ಕೊನೆಗೆ ನ್ಯಾಯಾಧಿಪತಿ ಯಾರು? ತಂದೆಯೋ, ಮಗನೋ?"

ತೀರ್ಪು ಮಾಡುವ ಅಧಿಕಾರವನ್ನೆಲ್ಲ ತಂದೆ ಮಗನಿಗೆ ಕೊಟ್ಟಿದ್ದಾನೆ ಎಂದು ಯೋಹಾನ 5ರಲ್ಲಿ ಯೇಸುವೇ ಹೇಳುತ್ತಾನೆ. ಅಥೇನೆಯಲ್ಲಿ ಪೌಲನೂ ಅದನ್ನೇ ಸಾರಿದ (ಅಪೊಸ್ತಲರ ಕೃತ್ಯಗಳು 17:31). ಪ್ರತಿ ಭಾನುವಾರ ನಂಬಿಕೆಯ ಪ್ರಮಾಣದಲ್ಲಿ ನಾವು ಇದನ್ನು ಹೇಳುತ್ತೇವೆ, ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಆತ ಬರುತ್ತಾನೆ ಅಂತ. ಎಷ್ಟೋ ಸಲ ಆ ಸಾಲನ್ನು ಬಾಯಿಪಾಠ ಮಾತ್ರ ಒಪ್ಪಿಸುತ್ತೇವೆ.

1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಭೆಗಳಿಗಾಗಿ ಒಂದು ಪ್ರಶ್ನೋತ್ತರ ಬರೆದರು. ಅದರಲ್ಲಿ 129 ಪ್ರಶ್ನೆಗಳಿವೆ. 52ನೆಯದು ಈ ಸಾಲಿನ ಬಗ್ಗೆ. ಅದನ್ನು ಕೇಳಿರುವ ರೀತಿಯೇ ನನಗೆ ತುಂಬಾ ಇಷ್ಟ. ಕ್ರಿಸ್ತನು ನ್ಯಾಯ ತೀರಿಸಲು ಬರುತ್ತಾನೆ ಎಂಬುದು ನಿನಗೆ ಏನು ಸಮಾಧಾನ ಕೊಡುತ್ತದೆ ಎಂದು ಕೇಳುತ್ತದೆ. ಭಯದ ಮಾತೇ ಇಲ್ಲ, ನೇರ ಸಮಾಧಾನಕ್ಕೇ ಹೋಗುತ್ತದೆ. ಉತ್ತರದ ತಿರುಳು ಇಷ್ಟು: ನನ್ನ ಬದಲು ಕಟಕಟೆಯಲ್ಲಿ ನಿಂತವನೇ ಆ ನ್ಯಾಯಾಧಿಪತಿ, ಆದ್ದರಿಂದ ಎಂಥ ಕಷ್ಟದಲ್ಲೂ ನಾನು ತಲೆ ಎತ್ತಿಕೊಂಡು ಆತನಿಗಾಗಿ ಕಾಯುತ್ತೇನೆ. ತಲೆ ಎತ್ತುವ ಮಾತು ಯೇಸುವಿನದೇ. ಲೋಕವೆಲ್ಲ ನಡುಗುವಾಗ ನೀವು ತಲೆ ಎತ್ತಿರಿ, ನಿಮ್ಮ ಬಿಡುಗಡೆ ಹತ್ತಿರ ಬಂತು ಎಂದು ಲೂಕ 21:28ರಲ್ಲಿ ಹೇಳಿದ್ದಾನೆ.

"ನಿರೀಕ್ಷೆ ಅಂದ್ರೆ ಆಸೆನೇ ಅಲ್ವಾ? ಆಗಬಹುದು, ಆಗದೇನೂ ಇರಬಹುದು."

ಲಾಟರಿ ಹೊಡೆಯಲಿ ಅನ್ನುವುದು ಆಸೆ. ಸ್ಟೇಷನ್ನಿನಲ್ಲಿ ಇಂಡಿಕೇಟರ್ ನೋಡಿ, ಡೊಂಬಿವಲಿ ಫಾಸ್ಟ್ ಹಿಂದಿನ ಸ್ಟೇಷನ್ ಬಿಟ್ಟಿದೆ ಅಂತ ಗೊತ್ತಾಗಿ, ಚೀಲ ಎದೆಗೆ ಹಾಕಿಕೊಂಡು ನಿಲ್ಲುತ್ತೀರಲ್ಲ, ಅದು ನಿರೀಕ್ಷೆ. ಗಾಡಿ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಆದರೆ ನಿಮ್ಮ ಮೈಯೇ ತಯಾರಾಗಿರುತ್ತದೆ. ಕಾಣದ್ದನ್ನು ತಾಳ್ಮೆಯಿಂದ ಎದುರುನೋಡುವುದು ಎಂದು ರೋಮಾಪುರದವರಿಗೆ 8:25 ಹೇಳುವುದು ಇದನ್ನೇ. ಯೇಸು ಸತ್ತವರೊಳಗಿಂದ ಎದ್ದು ಬಂದದ್ದೇ ನಮ್ಮ ಇಂಡಿಕೇಟರ್.

"ಪಕ್ಕದ ಮನೆಯವರು 'ಇದು ನಮ್ಮ ಕರ್ಮಫಲ ಇದ್ದ ಹಾಗೇ ಅಲ್ವಾ' ಅಂತಾರೆ. ಏನು ಹೇಳಲಿ?"

ಒಂದು ವಿಷಯದಲ್ಲಿ ಒಪ್ಪಿ. ಮಾಡಿದ್ದು ಸುಮ್ನೆ ಹೋಗುವುದಿಲ್ಲ, ಅದಕ್ಕೆ ಲೆಕ್ಕ ಉಂಟು. ಇದು ಇಬ್ಬರೂ ಹೇಳುವ ಮಾತು. ಆಮೇಲೆ ವ್ಯತ್ಯಾಸವನ್ನು ಮೆಲ್ಲಗೆ ಹೇಳಿ. ನಾವು ನಿಲ್ಲುವುದು ಒಂದು ನಿಯಮದ ಮುಂದೆ ಅಲ್ಲ, ನಮ್ಮ ಹೆಸರು ಗೊತ್ತಿರುವ ಒಬ್ಬನ ಮುಂದೆ. ನಿಯಮ ಕ್ಷಮಿಸಲಾರದು. ಒಬ್ಬ ವ್ಯಕ್ತಿ ಕ್ಷಮಿಸಬಲ್ಲ. ವಾದ ಮಾಡಲು ಹೋಗಬೇಡಿ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಊಟದ ಡಬ್ಬಿ ತಗೊಂಡು ಹೋಗಿ.

## ದಿನದ ಬದುಕಿನಿಂದ ಬಂದ ಪ್ರಶ್ನೆಗಳು

"ರಾತ್ರಿ ಮಲಗಿದಾಗ, ಇವತ್ತೇ ಸತ್ತರೆ ಏನು ಗತಿ ಅನ್ಸುತ್ತೆ. ದಿನಾ ಅದೇ ತಪ್ಪು ಮಾಡ್ತೀನಿ."

ರಾತ್ರಿ ಒಂದು ಗಂಟೆಯ ವಾಟ್ಸಾಪ್ ಇದೇ. ಕಳಿಸಿದ್ದು ಇಪ್ಪತ್ತೆರಡು ವರ್ಷದ ಹುಡುಗ. ನಾನು ಆಗಲೇ ಫೋನ್ ಮಾಡಿದೆ. ಯಾಕೆಂದರೆ ಆ ಹೊತ್ತಿನಲ್ಲಿ ಬರೆದ ಉತ್ತರಕ್ಕಿಂತ ಒಂದು ದನಿ ಜಾಸ್ತಿ ಕೆಲಸ ಮಾಡುತ್ತದೆ.

ಅವನಿಗೆ ಹೇಳಿದ್ದು ಇದು. ಯೇಸು ಹೇಳಿದ ಕಥೆಯಲ್ಲಿ ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ (ಲೂಕ 18). ಒಬ್ಬನ ಹತ್ತಿರ ತನ್ನ ಒಳ್ಳೆಯತನದ ಪಟ್ಟಿ ಇತ್ತು, ವಾರಕ್ಕೆ ಎರಡು ಉಪವಾಸ, ಹತ್ತರಲ್ಲೊಂದು ಪಾಲು. ಇನ್ನೊಬ್ಬ ಸುಂಕದವನು, ತಲೆ ಎತ್ತಲೂ ಆಗದೆ ಎದೆ ಬಡಿದುಕೊಂಡು, ಪಾಪಿಯಾದ ನನ್ನ ಮೇಲೆ ದಯೆ ಇಡು ಅಂದ. ನೀತಿವಂತನಾಗಿ ಮನೆಗೆ ಹೋದವನು ಅವನೇ. ಯೇಸು ಅವನಿಗೆ ಒಂದು ವರ್ಷ ಕಾದು ನೋಡೋಣ ಅನ್ನಲಿಲ್ಲ. ಅವತ್ತೇ ಮನೆಗೆ ಹೋದ. ಮಾರನೇ ದಿನ ಅವನು ಮತ್ತೆ ಅದೇ ಸುಂಕದ ಕಟ್ಟೆಯಲ್ಲಿ ಕೂತು ಎಡವಿರಬಹುದು. ಎಡವಿದ್ದರೆ ಮತ್ತೆ ಅದೇ ಪ್ರಾರ್ಥನೆ ಮಾಡಬೇಕಿತ್ತು ಅಷ್ಟೇ.

1 ಯೋಹಾನ 3:20ರಲ್ಲಿ ಒಂದು ಮಾತಿದೆ. ನಮ್ಮ ಮನಸ್ಸು ನಮ್ಮ ಮೇಲೆ ತಪ್ಪು ಹೊರಿಸಿದರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು. ರಾತ್ರಿ ಒಂದು ಗಂಟೆಗೆ ಮನಸ್ಸು ಕಟ್ಟುವ ಕೋರ್ಟಿನಲ್ಲಿ ವಕೀಲನೇ ಇರುವುದಿಲ್ಲ. ದೇವರ ಕೋರ್ಟಿನಲ್ಲಿ ಇದ್ದಾನೆ. ಅದೇ ಪತ್ರದ 2:1 ಓದಿ.

ಮತ್ತೆ ಒಂದು ಮಾತು. ಈ ಭಯ ವಾರಗಟ್ಟಲೆ ನಿದ್ದೆ ಕೆಡಿಸಿದರೆ, ಒಂದೇ ಪಾಪವನ್ನು ನೂರು ಸಲ ಅರಿಕೆ ಮಾಡಿದರೂ ಸಾಲದು ಅನ್ನಿಸಿದರೆ, ಪ್ರಾರ್ಥನೆಯ ಜೊತೆಗೆ ಮಾನಸಿಕ ವೈದ್ಯರನ್ನೂ ನೋಡಿ. ಅದು ನಂಬಿಕೆಯ ಕೊರತೆ ಅಲ್ಲವೇ ಅಲ್ಲ.

"ನಂಬಿದವರಿಗೆ ತೀರ್ಪೇ ಇಲ್ಲ ಅಂತಾರೆ. ಮತ್ತೆ ಎಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಅಂತ ಪೌಲ ಯಾಕೆ ಬರೆದ?"

ಯೋಹಾನ 5:24 ಪ್ರಕಾರ ನಂಬಿದವನು ಮರಣದಿಂದ ಪಾರಾಗಿ ಜೀವಕ್ಕೆ ಸೇರಿದ್ದಾನೆ. ಅದು ಮುಗಿದ ಮಾತು. 2 ಕೊರಿಂಥ 5:10ರಲ್ಲಿ ಪೌಲ ಬರೆಯುವುದು ಆ ಜೀವವನ್ನು ನಾವು ಹೇಗೆ ಬಳಸಿದೆವು ಎಂಬ ಲೆಕ್ಕದ ಬಗ್ಗೆ. ಕೊರಿಂಥದವರಿಗೆ 'ನ್ಯಾಯಾಸನ' ಅನ್ನುವ ಪದ ಕೇಳಿದ ತಕ್ಷಣ ಅದರ ಚಿತ್ರ ಕಣ್ಣ ಮುಂದೆ ಬಂದಿರಬೇಕು. ಅವರ ಊರಿನ ಚೌಕದಲ್ಲೇ ಅಧಿಪತಿ ಕೂರುವ ಎತ್ತರದ ಕಲ್ಲಿನ ಕಟ್ಟೆ ಇತ್ತು, ಅದರ ಅವಶೇಷ ಇವತ್ತಿಗೂ ಇದೆ. ಪೌಲನನ್ನೇ ಅಲ್ಲಿ ಗಲ್ಲಿಯೋ ಎಂಬ ಅಧಿಪತಿಯ ನ್ಯಾಯಾಸನದ ಮುಂದೆ ಎಳೆದು ತಂದಿದ್ದರು, ಗಲ್ಲಿಯೋ ಕೇಸನ್ನೇ ತಳ್ಳಿಹಾಕಿದ (ಅಪೊಸ್ತಲರ ಕೃತ್ಯಗಳು 18).

1 ಕೊರಿಂಥ 3ರಲ್ಲಿ ಇದರ ಚಿತ್ರ ಇನ್ನೂ ಸ್ಪಷ್ಟ. ಅಸ್ತಿವಾರ ಕ್ರಿಸ್ತ. ಅದರ ಮೇಲೆ ಒಬ್ಬ ಬಂಗಾರದಿಂದ ಕಟ್ಟುತ್ತಾನೆ, ಇನ್ನೊಬ್ಬ ಹುಲ್ಲಿನಿಂದ. ಬೆಂಕಿ ಬಂದಾಗ ಹುಲ್ಲು ಸುಡುತ್ತದೆ, ಕಟ್ಟಿದವನು ಉಳಿಯುತ್ತಾನೆ. ನನಗೆ ಇದರಲ್ಲಿ ಭಯಕ್ಕಿಂತ ಸಮಾಧಾನ ಜಾಸ್ತಿ. ನನ್ನೊಳಗಿನ ಜಂಬ, ಹೊಟ್ಟೆಕಿಚ್ಚು, ಜನ ನೋಡಲಿ ಅಂತ ಮಾಡಿದ ಸೇವೆ, ಇವೆಲ್ಲ ಒಂದು ದಿನ ಸುಟ್ಟುಹೋಗಿ ನಾನು ಉಳಿಯುತ್ತೇನೆ ಅಂದರೆ ಅದು ಒಳ್ಳೆಯ ಸುದ್ದಿ ತಾನೇ? ಯಾರೂ ನೋಡದೆ ಮಾಡಿದ ಒಂದು ಲೋಟ ನೀರಿನ ಉಪಕಾರವೂ ಅವತ್ತು ಮರೆತುಹೋಗುವುದಿಲ್ಲ.

"ಶಿಕ್ಷೆ ಇಲ್ಲ ಅಂದ್ಮೇಲೆ ಹೇಗೆ ಬೇಕಾದ್ರೂ ಇರಬಹುದಲ್ಲ?"

ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು. ರೋಮಾಪುರದವರಿಗೆ 6ನೇ ಅಧ್ಯಾಯದಲ್ಲಿ ಖಂಡಿತ ಆಗದು ಅನ್ನುತ್ತಾನೆ. ಹನ್ನೊಂದು ವರ್ಷ ಹೋರಾಡಿ ಉಳಿಸಿಕೊಂಡ ಮನೆಗೆ ಯಾರಾದರೂ ತಾವೇ ಬೆಂಕಿ ಇಡುತ್ತಾರಾ? ಕ್ಷಮೆಯ ಬೆಲೆ ಗೊತ್ತಾದವನಿಗೆ ಈ ಪ್ರಶ್ನೆ ಬಾಯಿಗೆ ಬರುವುದೇ ಕಡಿಮೆ. ಬಂದರೆ, ಶಿಲುಬೆಯ ಹತ್ತಿರ ಇನ್ನೊಂದು ಸಲ ಹೋಗಿ ನಿಲ್ಲಬೇಕು.

"ಪ್ರವಾಹ, ಕೊರೊನಾ... ಇವೆಲ್ಲ ದೇವರ ತೀರ್ಪೇ ಅಂತ ಪ್ರಸಂಗದಲ್ಲಿ ಹೇಳ್ತಾರೆ. ಹೌದಾ?"

2005ರ ಜುಲೈ 26 ಮುಂಬೈಯಲ್ಲಿದ್ದ ಯಾರಿಗೂ ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಸೊಂಟದ ತನಕ ನೀರಿನಲ್ಲಿ ನಡೆದು ಮಾರನೇ ದಿನ ಮಧ್ಯಾಹ್ನ ಮನೆ ಸೇರಿದೆ. ಅದರ ಮುಂದಿನ ಭಾನುವಾರ ಒಂದು ಕೂಟದಲ್ಲಿ ಬೋಧಕರೊಬ್ಬರು, ಇದು ಈ ನಗರದ ಪಾಪಕ್ಕೆ ದೇವರ ಹೊಡೆತ ಅಂದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ತಮ್ಮ ಆ ನೀರಿನಲ್ಲೇ ಹೋಗಿದ್ದ. ಅವರು ಎದ್ದು ಹೊರಗೆ ಹೋದರು. ನಾನು ಆಗ ಎದ್ದು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಯೇಸುವಿಗೆ ಇದೇ ಪ್ರಶ್ನೆ ಬಂದಾಗ ಆತ ಏನು ಹೇಳಿದ ಅಂತ ಲೂಕ 13ರಲ್ಲಿದೆ. ಸಿಲೊವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರೆಲ್ಲರಿಗಿಂತ ದೊಡ್ಡ ಪಾಪಿಗಳು ಅಂತ ನೆನೆಸುತ್ತೀರಾ, ಇಲ್ಲ ಅಂತ ಹೇಳುತ್ತೇನೆ ಅಂದ. ಸತ್ತವರ ಕಡೆ ಬೆರಳು ತೋರಿಸಲು ಬಿಡಲೇ ಇಲ್ಲ. ಬದಲಿಗೆ ಕೇಳಿದವರ ಕಡೆ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳಿ ಅಂದ. ದುರಂತವಾದಾಗ ನಾವು ಮಾಡಬೇಕಾದ್ದು ಅಷ್ಟೇ. ನಮ್ಮ ಮನಸ್ಸು ತಿರುಗಿಸಿಕೊಳ್ಳುವುದು, ಬೇರೆಯವರ ಶವದ ಮೇಲೆ ತೀರ್ಪು ಬರೆಯದಿರುವುದು. ಕೊನೆಯ ತೀರ್ಪು ಇನ್ನೂ ಬಂದಿಲ್ಲ. ಬಂದಾಗ ಅದನ್ನು ಓದುವವರು ನಾವಲ್ಲ.

"ಎಲ್ಲ ನಂಬ್ತೀನಿ. ಆದ್ರೆ ಸಂತೋಷ ಮಾತ್ರ ಬರಲ್ಲ. ನನ್ನ ನಂಬಿಕೆ ಸುಳ್ಳಾ?"

ಪುಣೆಯಿಂದ ಒಬ್ಬ ಅಕ್ಕ ಬರೆದ ಪತ್ರ ಇದು. ಅವರಿಗೆ ನಾನು ಪಂಡಿತಾ ರಮಾಬಾಯಿಯವರ ಬಗ್ಗೆ ಬರೆದೆ. ಅವರ ಮನೆಯವರಿಗೆ ಕಾರ್ಕಳದ ಮಾಳದ ನಂಟು. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಹೋದರು. ಆಮೇಲೆ ಅಣ್ಣ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಸಂತೋಷ ಅವತ್ತೇ ಬರಲಿಲ್ಲ. ಸುಮಾರು ಎಂಟು ವರ್ಷ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಅನ್ನುವ ಅರ್ಥದಲ್ಲಿ ಅವರೇ ಬರೆದಿದ್ದಾರೆ. ಎಂಟು ವರ್ಷ! ಅಷ್ಟರಲ್ಲಿ ಅವರು ಮುಂಬೈಯಲ್ಲಿ, ಪುಣೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ನಡೆಸುತ್ತಿದ್ದರು. ಸಂತೋಷ ಬರಲಿ, ಆಮೇಲೆ ಕೆಲಸ ಅಂತ ಕೂರಲಿಲ್ಲ.

ಸಂತೋಷ ಬಂದ ಮೇಲೂ ದುಃಖ ಬಿಟ್ಟುಹೋಗಲಿಲ್ಲ. ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮದಲ್ಲಿ ಅವರ ಬಲಗೈ ಆಗಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ನಮ್ಮ ಕಲಬುರಗಿಯಲ್ಲಿ ಶಾಲೆ ಶುರು ಮಾಡಿದವರು ಆ ಮನೋರಮಾ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ರಮಾಬಾಯಿಯವರೂ ಹೋದರು. ಕೊನೆಯ ತನಕ ಸತ್ಯವೇದವನ್ನು ಮರಾಠಿಗೆ ತರುವ ಕೆಲಸ ಬಿಡಲಿಲ್ಲ.

ಹಬಕ್ಕೂಕ 3:17 ಓದಿ. ಅಂಜೂರ ಚಿಗುರಿಲ್ಲ, ದ್ರಾಕ್ಷಿ ಇಲ್ಲ, ಎಣ್ಣೆ ಮರ ಕೈಕೊಟ್ಟಿದೆ, ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಆರು 'ಇಲ್ಲ'ಗಳನ್ನು ಒಂದೊಂದಾಗಿ ಎಣಿಸಿದ ಮೇಲೆ, ಆದರೂ ಕರ್ತನಲ್ಲಿ ಉಲ್ಲಾಸಿಸುವೆನು ಅನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಒಂದು ವಾಕ್ಯದ ಹಿಂದೆ ಅವನ ತುಟಿ ನಡುಗುತ್ತಿದೆ, ಎಲುಬು ಕೊಳೆತ ಹಾಗಾಗಿದೆ. ನಡುಕವೂ ಉಲ್ಲಾಸವೂ ಒಂದೇ ಮೈಯಲ್ಲಿ ಇರಬಹುದು. ಅಕ್ಕ, ನಿಮ್ಮ ನಂಬಿಕೆ ಸುಳ್ಳಲ್ಲ.

## ಗಟ್ಟಿ ಪ್ರಶ್ನೆಗಳು

"ನಂಬಿಕೆಯಿಂದ ರಕ್ಷಣೆ ಅಂತಲೂ ಇದೆ, ಕ್ರಿಯೆಗಳಿಗೆ ತಕ್ಕ ತೀರ್ಪು ಅಂತಲೂ ಇದೆ. ಎರಡೂ ಹೇಗೆ ನಿಜ?"

ಪ್ರಕಟನೆ 20ರಲ್ಲಿ ಎರಡು ಬಗೆಯ ಪುಸ್ತಕ ತೆರೆಯುತ್ತಾರೆ. ಕ್ರಿಯೆಗಳನ್ನು ಬರೆದ ಪುಸ್ತಕಗಳು, ಆಮೇಲೆ ಜೀವಬಾಧ್ಯರ ಪುಸ್ತಕ. ಯಾರಾದರೂ ಉಳಿಯುವುದು ಎರಡನೆಯದರಲ್ಲಿ ಹೆಸರಿದ್ದರೆ. ಮೊದಲನೆಯವು ಆ ಹೆಸರು ಸುಮ್ನೆ ಬರೆದದ್ದಲ್ಲ ಅಂತ ತೋರಿಸುತ್ತವೆ. ರತ್ನಾಗಿರಿಯ ಹಾಪುಸ್ ಮರದಲ್ಲಿ ಹಣ್ಣು ಬಿಟ್ಟದ್ದರಿಂದ ಅದು ಹಾಪುಸ್ ಆಗುವುದಿಲ್ಲ. ಆದರೆ ಹಣ್ಣು ನೋಡಿದರೆ ಯಾವ ಮರ ಅಂತ ಗೊತ್ತಾಗುತ್ತದೆ.

ಮತ್ತಾಯ 25ರಲ್ಲಿ ನನಗೆ ತುಂಬಾ ಹಿಡಿಸುವುದು ನೀತಿವಂತರ ಆಶ್ಚರ್ಯ. ಕರ್ತನೇ, ನೀನು ಹಸಿದದ್ದನ್ನು ನಾವು ಯಾವಾಗ ನೋಡಿದೆವು ಅನ್ನುತ್ತಾರೆ. ಅವರು ಲೆಕ್ಕ ಇಟ್ಟಿರಲಿಲ್ಲ. ತೀರ್ಪಿನ ಭಯದಿಂದ ಮಾಡಿದ್ದರೆ ಪ್ರತಿಯೊಂದನ್ನೂ ಬರೆದಿಟ್ಟಿರುತ್ತಿದ್ದರು.

"ಪ್ರಕಟನೆ 19ರಲ್ಲಿ ಬಾಬೆಲ್ ನಾಶವಾಯ್ತು ಅಂತ ಹಲ್ಲೆಲೂಯ ಹಾಡ್ತಾರೆ. ಬೇರೆಯವರ ನಾಶಕ್ಕೆ ಕುಣಿಯೋದು ಸರಿನಾ?"

ಹಿಂದಿನ ಅಧ್ಯಾಯ ಓದದೆ ಆ ಹಾಡು ಅರ್ಥವಾಗುವುದಿಲ್ಲ. 18ರಲ್ಲಿ ಬಾಬೆಲ್ ನಗರ ಬಿದ್ದದ್ದಕ್ಕೆ ವರ್ತಕರು ಅಳುತ್ತಾ ತಮ್ಮ ಸರಕಿನ ಪಟ್ಟಿ ಓದುತ್ತಾರೆ. ಬಂಗಾರ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ಧೂಪ, ಎಣ್ಣೆ, ಗೋದಿ, ಕುದುರೆ, ರಥ. ಪಟ್ಟಿಯ ಕೊನೆಯಲ್ಲಿ, ಕುದುರೆ ರಥಗಳಾದ ಮೇಲೆ, ಮನುಷ್ಯರ ದೇಹ, ಮನುಷ್ಯರ ಪ್ರಾಣ. ಮಾರಾಟದ ಮನುಷ್ಯರು. ಬಂದರಿನ ನಗರದಲ್ಲಿ ಬದುಕುವ ನಮಗೆ ಈ ಪಟ್ಟಿ ದೂರದ್ದಲ್ಲ. ಕೆಲಸ ಕೊಡಿಸುತ್ತೇವೆ ಅಂತ ನಮ್ಮ ಬೆಳಗಾವಿ, ವಿಜಯಪುರ ಕಡೆಯ ಹೆಣ್ಣುಮಕ್ಕಳನ್ನು ಇದೇ ಮುಂಬೈಗೆ ಕರೆತಂದು ಮಾರಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ಸಂತೆ ಇನ್ನು ಮುಂದೆ ತೆರೆಯುವುದಿಲ್ಲ ಎಂಬ ಸುದ್ದಿಗೆ ಎದ್ದ ಕೂಗು ಆ ಹಲ್ಲೆಲೂಯ. ಮಾರಾಟವಾದ ಹುಡುಗಿಯ ಜಾಗದಲ್ಲಿ ನಿಂತು ಓದಿ.

ಹಾಗಂತ ನನಗೆ ಕಿರುಕುಳ ಕೊಟ್ಟವನು ಹಾಳಾಗಲಿ ಅಂತ ಹಿಗ್ಗಲು ಅಪ್ಪಣೆ ಇಲ್ಲ. ಜ್ಞಾನೋಕ್ತಿ 24:17 ಅದನ್ನು ನೇರವಾಗಿಯೇ ಬೇಡ ಅನ್ನುತ್ತದೆ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬದುಕುವುದೇ ನನಗೆ ಸಂತೋಷ ಎಂದು ದೇವರೇ ಹೇಳಿದ್ದಾನೆ (ಯೆಹೆಜ್ಕೇಲ 33:11). ನಮ್ಮ ಕೇಸು ಗೆದ್ದ ದಿನ ಅಪ್ಪ ಪ್ರಾರ್ಥನೆಯಲ್ಲಿ ಮಾಲೀಕನ ಹೆಸರನ್ನೂ ತಗೊಂಡರು. ನನಗೆ ಆಗ ಸಿಟ್ಟು ಬಂದಿತ್ತು.

"ಗೋವಾದಲ್ಲಿ ಇನ್‌ಕ್ವಿಸಿಷನ್ ನಡೆಸಿದವರೂ ದೇವರ ನ್ಯಾಯ ಅಂತಾನೇ ಹೇಳಿದ್ರಲ್ಲ? ಈ ತೀರ್ಪಿನ ಮಾತೇ ಅಪಾಯ ಅಲ್ವಾ?"

ವಾಸ್ಕೋದಲ್ಲಿ ದುಡಿಯುವ ಒಬ್ಬ ತಮ್ಮ ಕೇಳಿದ್ದು. ಇದನ್ನು ತಪ್ಪಿಸಿಕೊಳ್ಳಬಾರದು. ಗೋವಾದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದರು ಅಂತ ಜನರನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದ ನ್ಯಾಯಾಲಯ, 1560ರಲ್ಲಿ ಶುರುವಾಯಿತು, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಪೂರ್ತಿ ಮುಚ್ಚಿತು. ಮನೆಯಲ್ಲಿ ತುಳಸಿ ಇಟ್ಟದ್ದು, ಉಪ್ಪು ಹಾಕದೆ ಅನ್ನ ಮಾಡಿದ್ದು, ಇಂಥವೂ ಅಪರಾಧವಾದವು. ಕ್ರಿಸ್ತನ ಹೆಸರಿನಲ್ಲಿ ಜನರನ್ನು ಸೆರೆಗೆ ಹಾಕಿದರು, ಸುಟ್ಟರು. ಕ್ಯಾಥೋಲಿಕರ ಕಡೆ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಯೂರೋಪಿನಲ್ಲಿ ಪ್ರೊಟೆಸ್ಟೆಂಟರ ಕೈಗಳೂ ಶುದ್ಧವಿರಲಿಲ್ಲ. ಇದು ಪಾಪ, ಅಷ್ಟೇ.

ಮತ್ತಾಯ 13ರಲ್ಲಿ ಆಳುಗಳು, ಗೋದಿಯ ನಡುವೆ ಬೆಳೆದ ಹಣಜಿ ಎಂಬ ಕಳೆಯನ್ನು ಈಗಲೇ ಕಿತ್ತುಹಾಕೋಣವಾ ಅಂತ ಕೇಳುತ್ತಾರೆ. ಯಜಮಾನ ಬೇಡ ಅನ್ನುತ್ತಾನೆ. ಕೀಳುವ ಭರದಲ್ಲಿ ಗೋದಿಯನ್ನೂ ಕಿತ್ತೀರಿ, ಸುಗ್ಗಿಯ ತನಕ ಎರಡೂ ಬೆಳೆಯಲಿ ಅನ್ನುತ್ತಾನೆ. ಆ 'ಬೇಡ'ವನ್ನು ಕೇಳಿಸಿಕೊಳ್ಳದವರು ಇನ್‌ಕ್ವಿಸಿಷನ್ ಮಾಡಿದರು. ಕೊನೆಯ ತೀರ್ಪು ದೇವರ ಕೈಯಲ್ಲಿದೆ ಎಂದು ನಿಜವಾಗಿ ನಂಬಿದವನು ತನ್ನ ಕೈಯಿಂದ ಕತ್ತಿ ಕೆಳಗಿಡುತ್ತಾನೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ಕರ್ತನು ಹೇಳುವ ರೋಮಾಪುರದವರಿಗೆ 12ನೇ ಅಧ್ಯಾಯದಲ್ಲೇ, ನಿನ್ನ ವೈರಿ ಹಸಿದಿದ್ದರೆ ಊಟ ಹಾಕು ಅಂತಲೂ ಇದೆ. ಆ ಸೆರೆಮನೆಗಳಲ್ಲಿ ಸತ್ತವರ ಕೇಸು ಕೂಡ ಇನ್ನೂ ಮುಚ್ಚಿಲ್ಲ. ಅದೂ ಅವತ್ತು ಓದಲ್ಪಡುತ್ತದೆ.

"ಅಪ್ಪ ಯೇಸುವನ್ನು ನಂಬದೆ ಹೋಗಿಬಿಟ್ಟರು. ನಾನು ಹೇಗೆ ಸಂತೋಷವಾಗಿರಲಿ ಅಣ್ಣಾ?"

ಮೊದಲು, ಅಳು ಬಂದರೆ ಅಳಿ. ಯೆರೂಸಲೇಮನ್ನು ನೋಡಿ ಯೇಸುವೇ ಅತ್ತ. ತನ್ನ ಜನರಿಗಾಗಿ ಹೃದಯದಲ್ಲಿ ಎಡೆಬಿಡದ ನೋವಿದೆ ಎಂದು ಪೌಲ ಬರೆದ. ಅದೂ ರೋಮಾಪುರದವರಿಗೆ 8ನೇ ಅಧ್ಯಾಯದ ಅಷ್ಟು ದೊಡ್ಡ ಉಲ್ಲಾಸದ ಮುಂದಿನ ಅಧ್ಯಾಯದಲ್ಲೇ. ಈ ದುಃಖ ನಿಮ್ಮ ನಿರೀಕ್ಷೆಗೆ ವಿರೋಧವಲ್ಲ.

ನಿಮ್ಮ ಅಪ್ಪ ಎಲ್ಲಿದ್ದಾರೆ ಎಂದು ನಾನು ಹೇಳಲಾರೆ. ಹೇಳುವವರ ಮಾತು ಕೇಳಬೇಡಿ, ಅವರು ಯಾವ ಕಡೆಗೆ ಹೇಳಿದರೂ. ಒಂದು ವಿಷಯ ಮಾತ್ರ ಯೋಚಿಸಿ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಮನೆಯವರು ದೂರದಲ್ಲಿ ನಿಂತಿದ್ದರೆ, ಅವನು ಹಾಗೇ ಸತ್ತ ಅಂತಲೇ ಅಳುತ್ತಾ ಮನೆಗೆ ಹೋಗುತ್ತಿದ್ದರು. ಯೇಸುವೇ, ನನ್ನನ್ನು ನೆನೆಸಿಕೋ ಅಂತ ಕೊನೆಯ ಗಳಿಗೆಯಲ್ಲಿ ಅವನು ಆಡಿದ ಆ ಎರಡು ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಯೇಸುವಿನ ಕಿವಿಗೆ ಬಿತ್ತು. ನಿಮ್ಮ ಅಪ್ಪನಿಗೂ ಹಾಗೇ ಆಯಿತು ಅಂತ ನಾನು ಮಾತು ಕೊಡುತ್ತಿಲ್ಲ. ಕೊನೆಯ ಗಳಿಗೆಯಲ್ಲಿ ಯಾರ ಎದೆಯಲ್ಲಿ ಏನು ನಡೆಯಿತು ಎಂದು ನೋಡುವ ಕಣ್ಣು ನಮಗಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಅಬ್ರಹಾಮ ದೇವರನ್ನೇ ನಿಲ್ಲಿಸಿ ಕೇಳಿದ, ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ನಡೆಸುವುದಿಲ್ಲವೇ ಅಂತ (ಆದಿಕಾಂಡ 18:25). ನೀವೂ ಅದನ್ನೇ ಕೇಳಿ. ಪ್ರತಿ ರಾತ್ರಿ ಬೇಕಾದರೂ ಕೇಳಿ. ಅಪ್ಪ ಆತನ ಕೈಯಲ್ಲಿದ್ದಾರೆ, ಆ ಕೈಯಲ್ಲಿ ಮೊಳೆಯ ಗುರುತಿದೆ. ಇದಕ್ಕಿಂತ ಮುಂದೆ ಹೋಗಲು ನನಗೆ ಧೈರ್ಯವಿಲ್ಲ. ಇಷ್ಟರ ಮೇಲೆ ನಾನು ಭಾರ ಹಾಕಿ ನಿಂತಿದ್ದೇನೆ, ಯಾಕೆಂದರೆ ನನ್ನ ಮನೆಯಲ್ಲೂ ಇಂಥವರು ಇದ್ದಾರೆ.

"ಸಾಯುವ ಹೊತ್ತಿನಲ್ಲಿರುವವರ ಹತ್ತಿರ ಕೂತಾಗ ಏನು ಹೇಳಬೇಕು?"

ಕಡಿಮೆ ಹೇಳಿ. ಕನ್ನಡದಲ್ಲಿ ಹೇಳಿ. ಇದನ್ನು ಒತ್ತಿ ಹೇಳುತ್ತೇನೆ. ಮುಂಬೈಯಲ್ಲಿ ಐವತ್ತು ವರ್ಷ ಹಿಂದಿ, ಮರಾಠಿ ಮಾತಾಡಿದವರಿಗೂ ಕೊನೆಗೆ ಉಳಿಯುವುದು ಅಮ್ಮನ ಮಾತು. ನರ್ಸ್ ಮರಾಠಿಯಲ್ಲಿ ಮಾತಾಡುತ್ತಾರೆ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ. ಮಂಚದ ಮೇಲಿನ ಜೀವ ಒಂಟಿಯಾಗಿರುತ್ತದೆ. ಚಿಕ್ಕ ವಾಕ್ಯಗಳನ್ನು ಓದಿ, ನಿಧಾನವಾಗಿ, ಒಂದನ್ನೇ ಎರಡು ಮೂರು ಸಲ. 23ನೇ ಕೀರ್ತನೆ. ಯೋಹಾನ 14ರ ಮೊದಲ ಮೂರು ವಚನ. ರೋಮಾಪುರದವರಿಗೆ 8ರ ಮೊದಲ ವಚನ, ಕೊನೆಯ ಎರಡು ವಚನ. ಕೈ ಹಿಡಿದುಕೊಳ್ಳಿ. ಪಾಪ ಅರಿಕೆ ಮಾಡಬೇಕು ಅಂದರೆ ಕೇಳಿಸಿಕೊಳ್ಳಿ, ಅದು ನಿಮ್ಮಲ್ಲೇ ಇರಲಿ, ಕ್ಷಮೆಯ ವಾಕ್ಯ ಓದಿ ಹೇಳಿ. ಕೇಳದಿದ್ದರೆ ಕೆದಕಬೇಡಿ.

ನಮ್ಮ ಸಭೆಯಲ್ಲಿ ಬೆಟಗೇರಿ ಕಡೆಯ ಒಬ್ಬ ಅಜ್ಜಿ ಇದ್ದರು. ಕೊನೆಯ ವಾರ ಅವರಿಗೆ ಒಂದೇ ಹೆದರಿಕೆ ಕಾಡುತ್ತಿತ್ತು, ಚಿಕ್ಕವಳಿದ್ದಾಗ ತಂಗಿಗೆ ಮಾಡಿದ ಒಂದು ಮೋಸ. ನಾನು ರೋಮಾಪುರದವರಿಗೆ 8:1 ಓದಿದೆ, ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯ ಇಲ್ಲವೇ ಇಲ್ಲ ಅಂತ. ಅಜ್ಜಿ ಕಣ್ಣು ಬಿಟ್ಟು, "ಅದನ್ನ ಇನ್ನೊಮ್ಮೆ ಓದಪಾ, ಕಡೀಗೆ ಬರತದಲ್ಲ, ಅದನ್ನ" ಅಂದರು. ಓದಿದೆ. ಮತ್ತೆ ಕೇಳಿದರು, ಮತ್ತೆ ಓದಿದೆ. ನಾಲ್ಕನೇ ಸಲ ನಾನು 'ಅಪರಾಧ ನಿರ್ಣಯ' ಅನ್ನುವಷ್ಟರಲ್ಲಿ ಉಳಿದದ್ದನ್ನು ಅವರೇ ಹೇಳಿದರು, ನನಗಿಂತ ಗಟ್ಟಿಯಾಗಿ. ಪಕ್ಕದ ಮಂಚದವರು ಎದ್ದು ನೋಡಿದರು.